ಹಡಗು ಬಾರದ ದಿನ ದ್ವೀಪದ ಜನ ಏನು ಉಣ್ಣಬೇಕು?

ಪ್ರಶ್ನೆ: ನಾವು ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನವರು. ನನ್ನ ಯಜಮಾನರಿಗೆ ಲಕ್ಷದ್ವೀಪದ ಕವರಟ್ಟಿಗೆ ವರ್ಗವಾಗಿದೆ. ಅಕ್ಟೋಬರ್‌ನಲ್ಲಿ ನಾನೂ ಮಕ್ಕಳೂ ಅಲ್ಲಿಗೆ ಹೊರಟಿದ್ದೇವೆ. ಮಳೆಗಾಲದಲ್ಲಿ ಹಡಗು ತಡವಾದರೆ ಉಳ್ಳಾಗಡ್ಡಿ, ಟೊಮ್ಯಾಟೊ, ಸೊಪ್ಪು ಸಿಗುವುದೇ ಕಷ್ಟ, ಸಿಕ್ಕರೂ ಬಲು ತುಟ್ಟಿ ಅನ್ನುತ್ತಾರೆ. ಮೀನು, ತೆಂಗು ಬಿಟ್ಟರೆ ಎಲ್ಲವೂ ಹೊರಗಿನಿಂದಲೇ ಬರಬೇಕಂತೆ. ನಾನು ಒಕ್ಕಲುತನದ ಮನೆಯ ಮಗಳು. ನಮ್ಮೂರಿಗಿಂತ ಎಷ್ಟೋ ಜಾಸ್ತಿ ಮಳೆ ಬೀಳುವ ಆ ಊರು ತನ್ನ ಊಟ ತಾನೇ ಯಾಕೆ ಬೆಳೆದುಕೊಳ್ಳಬಾರದು? ಸರ್ಕಾರ ಏನು ಮಾಡಬೇಕು? ಮನೆ ಅಂಗಳದಲ್ಲಿ ನಾನು ಏನು ಬೆಳೆಯಬಹುದು?

ಉತ್ತರ: ಒಕ್ಕಲುತನದ ಮನೆಯವರು ಕೇಳಿದ ಪ್ರಶ್ನೆ. ಹಾಗಾಗಿ ಎಕರೆ, ಕ್ವಿಂಟಲ್ ಲೆಕ್ಕದಿಂದಲೇ ಶುರು ಮಾಡೋಣ.

ಲಕ್ಷದ್ವೀಪದಲ್ಲಿ 36 ದ್ವೀಪಗಳಿವೆ. ಜನ ವಾಸವಿರುವುದು 10ರಲ್ಲಿ ಮಾತ್ರ. ಎಲ್ಲ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್, ಅಂದರೆ ಸುಮಾರು 7,900 ಎಕರೆ. 2011ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 64,473. ಒಬ್ಬರಿಗೆ ವರ್ಷಕ್ಕೆ ಒಂದು ಕ್ವಿಂಟಲ್ ಅಕ್ಕಿ ಅಂತ ಹಿಡಿದರೂ 64 ಸಾವಿರ ಕ್ವಿಂಟಲ್ ಬೇಕು. ಎಕರೆಗೆ 12 ಕ್ವಿಂಟಲ್ ಭತ್ತ ಬಂತು, ಗಿರಣಿಗೆ ಹಾಕಿದ ಮೇಲೆ 8 ಕ್ವಿಂಟಲ್ ಅಕ್ಕಿ ಉಳಿಯಿತು ಅಂತ ಇಟ್ಟುಕೊಳ್ಳಿ. ಆಗ 8,000 ಎಕರೆ ಗದ್ದೆ ಬೇಕಾಗುತ್ತದೆ. ಮನೆ, ಶಾಲೆ, ಮಸೀದಿ, ಜೆಟ್ಟಿ, ತೆಂಗಿನ ತೋಟ ಎಲ್ಲ ತೆಗೆದು ಇಡೀ ಲಕ್ಷದ್ವೀಪವನ್ನೇ ಗದ್ದೆ ಮಾಡಿದರೂ ಅಕ್ಕಿ ಸಾಲುವುದಿಲ್ಲ. ಬೇಳೆ, ಎಣ್ಣೆ, ಸಕ್ಕರೆಯ ಮಾತು ಆಮೇಲಿನದು. ಗದಗ ಜಿಲ್ಲೆಯಲ್ಲಿ ಒಂದು ಚದರ ಕಿಲೋಮೀಟರಿಗೆ 229 ಜನ ಇದ್ದರೆ ಅಲ್ಲಿ 2,000ಕ್ಕೂ ಜಾಸ್ತಿ.

ಆದ್ದರಿಂದ 'ದ್ವೀಪ ನೂರಕ್ಕೆ ನೂರು ಸ್ವಾವಲಂಬಿ ಆಗಬೇಕು' ಅನ್ನುವ ಮಾತನ್ನು ಪಕ್ಕಕ್ಕಿಡಿ. ಕೇಳಲು ಚೆನ್ನ, ಅಷ್ಟೆ. ನಾನು ಯಾವ ದ್ವೀಪದ ಬಗ್ಗೆ ಓದಿದರೂ ಕೇಳಿಕೊಳ್ಳುವ ಪ್ರಶ್ನೆ ಒಂದೇ: ನಾಳೆಯಿಂದ ಹಡಗು ನಿಂತರೆ ಈ ಊರು ಎಷ್ಟು ದಿನ ಸರಿಯಾಗಿ ಉಣ್ಣುತ್ತದೆ? ಬರೀ ಅನ್ನ ಉಣ್ಣುವುದಲ್ಲ, ಸರಿಯಾಗಿ ಉಣ್ಣುವುದು. ಮಕ್ಕಳಿಗೆ ಸೊಪ್ಪು, ಹಣ್ಣು, ಮೊಟ್ಟೆ ಸಮೇತ.

ಹೀಗೆ ದಿನದ ಲೆಕ್ಕ ಹಾಕಿದರೆ ಒಂದೊಂದು ಪದಾರ್ಥಕ್ಕೂ ಒಂದೊಂದು ದಾರಿ ಕಾಣುತ್ತದೆ. ಅಕ್ಕಿ, ಗೋಧಿ, ಬೇಳೆ ತಿಂಗಳುಗಟ್ಟಲೆ ಇರುತ್ತವೆ. ಅವನ್ನು ಬೆಳೆಯುವ ಹಟ ಬೇಡ, ತಂದು ಸರಿಯಾಗಿ ಇಟ್ಟರೆ ಸಾಕು. ಸೊಪ್ಪು ಎರಡು ದಿನವೂ ತಾಳುವುದಿಲ್ಲ. ಅದನ್ನು ಅಲ್ಲೇ ಬೆಳೆಯಬೇಕು. ಗೆಡ್ಡೆ, ಬಾಳೆ, ಪಪ್ಪಾಯಿ, ನುಗ್ಗೆಗೂ ಇದೇ ಮಾತು. ಮೀನಿಗೆ ಕೊರತೆ ಇಲ್ಲ. ಲಕ್ಷದ್ವೀಪದ ಟ್ಯೂನ ಮೀನನ್ನು ಬೇಯಿಸಿ, ಹೊಗೆಯಲ್ಲಿಟ್ಟು, ಬಿಸಿಲಿಗೆ ಒಣಗಿಸಿ 'ಮಾಸ್ ಮೀನ್' ಮಾಡುತ್ತಾರೆ. ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಮೀನು ಉಣ್ಣುವವರ ಮನೆಯಲ್ಲಿ ಮಳೆಗಾಲದ ಪ್ರೋಟೀನಿನ ದಾಸ್ತಾನು ಅದೇ.

ಇನ್ನು ನಿಮ್ಮ ಮಳೆಯ ಮಾತು. ಲಕ್ಷದ್ವೀಪದಲ್ಲಿ ವರ್ಷಕ್ಕೆ ಸುಮಾರು 1,600 ಮಿಲಿಮೀಟರ್ ಮಳೆಯಾಗುತ್ತದೆ, ಗದಗಿನ ಎರಡು ಪಟ್ಟಿಗಿಂತಲೂ ಜಾಸ್ತಿ. ಆದರೆ ಹೊಳೆ ಇಲ್ಲ, ಹಳ್ಳ ಇಲ್ಲ, ಎರಿ ಮಣ್ಣೂ ಇಲ್ಲ. ನೆಲವೆಲ್ಲ ಹವಳದ ಮರಳು. ಬಿದ್ದ ನೀರು ಸೀದಾ ಕೆಳಗಿಳಿಯುತ್ತದೆ. ಕೆಳಗೆ ಸಮುದ್ರದ ನೀರು ಇದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ಅದರ ಮೇಲೆ ತೇಲಿ ನಿಲ್ಲುತ್ತದೆ. ದ್ವೀಪದ ನಡುವೆ ದಪ್ಪ, ದಂಡೆಯ ಕಡೆ ತೆಳು. ಪುಸ್ತಕದ ಲೆಕ್ಕದಲ್ಲಿ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ 40 ಅಡಿ ಸಿಹಿನೀರು ಇರುತ್ತದೆ. ಇದನ್ನೇ ತಿರುಗಿಸಿ ನೋಡಿ. ಮೇಲಿನ ಒಂದು ಅಡಿ ನೀರನ್ನು ಪಂಪ್ ಹಚ್ಚಿ ಎಳೆದರೆ ಕೆಳಗಿನ ಉಪ್ಪುನೀರು 40 ಅಡಿ ಮೇಲೇರಲು ಹೊರಡುತ್ತದೆ. ನಮ್ಮ ಕಡೆ ಬೋರು ಅತಿಯಾಗಿ ಎಳೆದರೆ ಬತ್ತುತ್ತದೆ. ಅಲ್ಲಿ ಬಾವಿ ಉಪ್ಪಾಗುತ್ತದೆ, ಮತ್ತೆ ಸಿಹಿಯಾಗಲು ಎಷ್ಟೋ ಮಳೆಗಾಲ ಬೇಕು. ಕವರಟ್ಟಿಯಲ್ಲಿ 2005ರಲ್ಲೇ ಸಮುದ್ರದ ನೀರಿನಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ಮಾಡುವ ಘಟಕ ಹಾಕಿದ್ದು ಸುಮ್ನೆ ಅಲ್ಲ. ಇಂಥ ನೆಲದಲ್ಲಿ ದೊಡ್ಡ ಮೋಟಾರು, ಕಾಲುವೆ ನೀರಾವರಿ ಅಂದರೆ ಕುಡಿಯುವ ನೀರಿಗೇ ಕೈ ಹಾಕಿದಂತೆ.

ಹವಳದ ದ್ವೀಪದ ಹಿಂದಿನವರು ಈ ನೀರಿನ ಸ್ವಭಾವ ತಿಳಿದುಕೊಂಡೇ ಬೇಸಾಯ ಮಾಡಿದರು. ಪೆಸಿಫಿಕ್ ಸಾಗರದ ಕಿರಿಬಾಟಿ ಮತ್ತು ಟುವಾಲುವಿನಲ್ಲಿ ನೀರನ್ನು ಮೇಲೆ ಎತ್ತುವ ಬದಲು ಬೆಳೆಯನ್ನೇ ಕೆಳಗಿಳಿಸುತ್ತಾರೆ. ಮರಳನ್ನು ತೋಡುತ್ತಾ ಹೋಗಿ ಸಿಹಿನೀರಿನ ಮಟ್ಟಕ್ಕೆ ಗುಂಡಿ ಮಾಡುತ್ತಾರೆ. ಅದರಲ್ಲಿ ಜವುಗಿನಲ್ಲಿ ಬರುವ ದೊಡ್ಡ ಜಾತಿಯ ಕೆಸುವಿನ ಗೆಡ್ಡೆ ನೆಡುತ್ತಾರೆ. ಪ್ರತಿ ಗಿಡದ ಸುತ್ತ ಗರಿಯಿಂದ ಹೆಣೆದ ತಳವಿಲ್ಲದ ಬುಟ್ಟಿ ಇಟ್ಟು, ಅದರೊಳಗೆ ಎಲೆ, ಮಣ್ಣು ತುಂಬುತ್ತಾ ಹೋಗುತ್ತಾರೆ. ಎಲೆ ಕೊಳೆತು ಗೊಬ್ಬರ ಆಗುತ್ತದೆ, ಗೆಡ್ಡೆ ಬಲಿಯುತ್ತದೆ. ಈ ಗೆಡ್ಡೆಯನ್ನು ವರ್ಷಗಟ್ಟಲೆ ಕೀಳದೆ ಬಿಡಬಹುದು. ಬೇಕಾದಾಗ ಕಿತ್ತರಾಯಿತು, ಗೋದಾಮು ಬೇಡ. ಲಕ್ಷದ್ವೀಪದ ಕೆಲವು ದ್ವೀಪಗಳಲ್ಲೂ ನಡುಭಾಗವನ್ನು ತಗ್ಗಾಗಿ ತೋಡಿ ಬಾಳೆ, ಗೆಡ್ಡೆ ಬೆಳೆಯುತ್ತಿದ್ದರು. ಈ ಪದ್ಧತಿಗೆ ಇರುವ ದೊಡ್ಡ ಅಪಾಯ ಸಮುದ್ರದ್ದೇ. ಒಂದು ದೊಡ್ಡ ಅಲೆ ದಂಡೆ ದಾಟಿ ಗುಂಡಿಗೆ ಬಿದ್ದರೆ ಉಪ್ಪು ಅಲ್ಲೇ ಕೂರುತ್ತದೆ.

ಹಾಗೆ ಉಪ್ಪು ಕೂತ ನೆಲವನ್ನು ಮತ್ತೆ ಬೇಸಾಯಕ್ಕೆ ತಂದ ಒಂದು ಪ್ರಯತ್ನ ನಮ್ಮ ದೇಶದಲ್ಲೇ ಇದೆ. 2004ರ ಡಿಸೆಂಬರ್ 26ರ ಸುನಾಮಿ ಅಂಡಮಾನ್-ನಿಕೋಬಾರ್‌ನ ಎಷ್ಟೋ ಗದ್ದೆಗಳಿಗೆ ಸಮುದ್ರದ ನೀರು ನುಗ್ಗಿಸಿತು. ಅಲ್ಲಿನ ಕೇಂದ್ರೀಯ ದ್ವೀಪ ಕೃಷಿ ಸಂಶೋಧನಾ ಸಂಸ್ಥೆಯವರು ಏರುಮಡಿ ಮತ್ತು ಅಗಲವಾದ ಕಾಲುವೆಯ ಪದ್ಧತಿ ತಂದರು. ಕಾಲುವೆ ತೋಡಿದ ಮಣ್ಣನ್ನೇ ಪಕ್ಕಕ್ಕೆ ಹಾಕಿ ಎತ್ತರದ ಮಡಿ ಮಾಡುವುದು. ಮಳೆ ಬಿದ್ದಾಗ ಮಡಿಯ ಉಪ್ಪು ತೊಳೆದು ಕೆಳಗಿಳಿಯುತ್ತದೆ, ಮೇಲೆ ತರಕಾರಿ ಬರುತ್ತದೆ. ಕಾಲುವೆಯಲ್ಲಿ ಭತ್ತ, ಮೀನು. ಮಳೆ ನಿಂತ ಮೇಲೆ ಕಾಲುವೆಯಲ್ಲಿ ಉಳಿದ ನೀರೇ ಮಡಿಗೆ. ನಮ್ಮ ಎರಿ ಹೊಲದಲ್ಲಿ ನೀರು ನಿಲ್ಲಬಾರದು ಅಂತ ಅಗಲ ಮಡಿ ಮಾಡುತ್ತೇವಲ್ಲ, ಆ ಕ್ರಮವನ್ನೇ ಅಲ್ಲಿ ಉಪ್ಪಿಗಾಗಿ ಹೊಂದಿಸಿದ್ದಾರೆ.

ಯಾವ ಬೆಳೆ ಅನ್ನುವುದಕ್ಕಿಂತ ಎಷ್ಟು ತರದ ಬೆಳೆ ಅನ್ನುವುದು ದ್ವೀಪಕ್ಕೆ ಮುಖ್ಯ. ಸಮೋವಾ ದೇಶದಲ್ಲಿ ಕೆಸುವಿನ ಗೆಡ್ಡೆಯೇ ಊಟ, ಅದೇ ರಫ್ತು. ಹೆಚ್ಚಿನ ರೈತರು ಬೆಳೆಯುತ್ತಿದ್ದುದು ಮಾರುಕಟ್ಟೆಗೆ ಇಷ್ಟವಾದ ಒಂದೇ ತಳಿ. 1993ರಲ್ಲಿ ಎಲೆ ಅಂಗಮಾರಿ ರೋಗ ಬಂತು. ನೋಡನೋಡುತ್ತಲೇ ಹೊಲಗಳು ಕರಗಿದವು, ರಫ್ತು ನೆಲಕಚ್ಚಿತು. ಜನ ಹಸಿವಿನಿಂದ ಸಾಯಲಿಲ್ಲ ಯಾಕೆಂದರೆ ಹಿತ್ತಲಲ್ಲಿ ಬಾಳೆ ಇತ್ತು, ಹಲಸನ್ನು ಹೋಲುವ ಜೀಗುಜ್ಜೆಯ ಮರ ಇತ್ತು, ಬೇರೆ ಜಾತಿಯ ಗೆಡ್ಡೆ ಇತ್ತು. ಬೇರೆ ದ್ವೀಪಗಳಿಂದ ತಳಿ ತರಿಸಿ, ಅಡ್ಡತಳಿ ಮಾಡಿ, ರೋಗ ತಡೆಯುವ ಕೆಸುವು ಮತ್ತೆ ಹೊಲಕ್ಕೆ ಬರಲು ವರ್ಷಗಳೇ ಹಿಡಿದವು.

ಗಾಳಿಯ ಲೆಕ್ಕವೂ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಮರಿಯಾ ಚಂಡಮಾರುತ ಪೋರ್ಟೊ ರಿಕೊ ದ್ವೀಪದ ಬೆಳೆಯ ಮೌಲ್ಯದಲ್ಲಿ ಸುಮಾರು ಶೇ. 80ರಷ್ಟನ್ನು ಹಾಳು ಮಾಡಿತು. ಬಾಳೆ, ಕಾಫಿ ನೆಲಕ್ಕೆ ಮಲಗಿದವು. ಅಂಥ ಗಾಳಿಗೆ ನೆಲದೊಳಗಿನ ಗೆಡ್ಡೆ ಮಾತ್ರ ಒಂದಿಷ್ಟು ತಾಳುತ್ತದೆ. ಗೆಣಸಿನ ಬಳ್ಳಿ ನೆಟ್ಟರೆ ಮೂರು, ನಾಲ್ಕು ತಿಂಗಳಲ್ಲಿ ಗೆಣಸು ಸಿಗುತ್ತದೆ, ಸೊಪ್ಪು ತಿಂಗಳೊಳಗೆ ಕೈಗೆ ಬರುತ್ತದೆ. ಬಿರುಗಾಳಿ ಬರುವ ಯಾವುದೇ ದ್ವೀಪದ ಸರ್ಕಾರಿ ತೋಟದಲ್ಲಿ ಗೆಣಸಿನ ಬಳ್ಳಿಯ ಪಾತಿ, ಬೀಜ ಗೋದಾಮಿನಲ್ಲಿ ಸೊಪ್ಪಿನ ಬೀಜ ಸದಾ ಇರಬೇಕು ಅಂತ ನಾನು ಹೇಳುವುದು ಇದಕ್ಕೇ.

ಈಗ ಸರ್ಕಾರದ ಕೆಲಸ. ಕೃಷಿ ಇಲಾಖೆ ಎಕರೆ ಎಣಿಸುತ್ತದೆ. ಬಂದರು ಇಲಾಖೆ ಟನ್ ಎಣಿಸುತ್ತದೆ. ಆಹಾರ ಇಲಾಖೆ ರೇಷನ್ ಕಾರ್ಡು ಎಣಿಸುತ್ತದೆ. ಊಟದ ದಿನಗಳನ್ನು ಎಣಿಸುವವರು ಯಾರು? ದ್ವೀಪದ ಯೋಜನೆ ಶುರುವಾಗಬೇಕಾದದ್ದೇ ಇಲ್ಲಿಂದ. ಪ್ರತಿ ದ್ವೀಪಕ್ಕೂ, ಪ್ರತಿ ತಿಂಗಳೂ ಒಂದು ಪಟ್ಟಿ: ಅಕ್ಕಿ ಇಷ್ಟು ದಿನಕ್ಕಿದೆ, ಬೇಳೆ ಇಷ್ಟು ದಿನಕ್ಕೆ, ಹಾಲಿನ ಪುಡಿ ಇಷ್ಟು, ಅಡುಗೆ ಅನಿಲ ಇಷ್ಟು, ತೋಟದಲ್ಲಿ ಕೊಯ್ಲಿಗೆ ಬಂದ ಸೊಪ್ಪು, ಗೆಡ್ಡೆ ಇಷ್ಟು. ಆ ಪಟ್ಟಿ ಪಂಚಾಯಿತಿ ಕಚೇರಿಯ ಗೋಡೆ ಮೇಲೆ ಎಲ್ಲರಿಗೂ ಕಾಣುವಂತೆ ಇರಬೇಕು.

ಲಕ್ಷದ್ವೀಪಕ್ಕೆ ಸಾಮಾನು ಹೋಗುವುದು ಹೆಚ್ಚಾಗಿ ಕೊಚ್ಚಿ, ಬೇಪೂರು ಮತ್ತು ನಮ್ಮ ಮಂಗಳೂರಿನ ಹಳೆ ಬಂದರಿನಿಂದ. ಮಂಗಳೂರಿನಿಂದ ಹೋಗುವ ಮಂಜಿಗಳು (ಸರಕು ಸಾಗಿಸುವ ಮರದ ನಾವೆಗಳು) ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಸಮುದ್ರಕ್ಕಿಳಿಯುವುದಿಲ್ಲ. ಅಂದರೆ ಸುಮಾರು 120 ದಿನ. ದೊಡ್ಡ ಹಡಗುಗಳು ಓಡುತ್ತವೆ, ಆದರೆ ಹವಾಮಾನ ಕೆಟ್ಟರೆ ಅವೂ ತಡ. ಮೇಲಿನ ಲೆಕ್ಕದಲ್ಲೇ 120 ದಿನಕ್ಕೆ ಸುಮಾರು 21 ಸಾವಿರ ಕ್ವಿಂಟಲ್ ಅಕ್ಕಿ ಬೇಕು. 50 ಕಿಲೋದ 42 ಸಾವಿರ ಚೀಲ. ಇಷ್ಟನ್ನು ಮೇ ಮೊದಲ ವಾರದೊಳಗೆ 10 ದ್ವೀಪಗಳಿಗೆ ಹಂಚಿ ಇಟ್ಟರೆ ಅನ್ನದ ಚಿಂತೆ ಮುಗಿಯಿತು. ಇದು ಆಗದ ಕೆಲಸವೇನಲ್ಲ. ಒಂದೇ ದ್ವೀಪದಲ್ಲಿ ದೊಡ್ಡ ಗೋದಾಮು ಕಟ್ಟಿ ಅಲ್ಲಿಂದ ಹಂಚುತ್ತೇವೆ ಅಂದರೆ ಮಾತ್ರ ನಾನು ಒಪ್ಪುವುದಿಲ್ಲ. ಸಮುದ್ರ ಕೆಟ್ಟ ದಿನ ಪಕ್ಕದ ದ್ವೀಪವೂ ದೂರವೇ.

ಇಡುವ ರೀತಿಯಲ್ಲಿ ನಮ್ಮ ಭಾಗದವರಿಗೆ ಹೇಳಿಕೊಡಬೇಕಾದ್ದು ಏನೂ ಇಲ್ಲ. ಹಗೇವು ನೀವು ನೋಡಿರದಿದ್ದರೂ ನಿಮ್ಮ ಅಜ್ಜ ಅದರೊಳಗೆ ಇಳಿದಿರಬಹುದು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿ, ಸುತ್ತಲೂ ಹುಲ್ಲು ಹಾಸಿ, ಒಣಗಿದ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳವೂ ಉಸಿರಾಡಿ ಗಾಳಿಯಲ್ಲಿನ ಆಮ್ಲಜನಕ ಮುಗಿದು ಹುಳ ತಾನೇ ಸಾಯುತ್ತಿತ್ತು. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲು ಬಿಟ್ಟು, ದೀಪ ಇಳಿಸಿ ಅದು ಆರದೇ ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಬರಗಾಲದ ವರ್ಷ ಎಷ್ಟೋ ಊರು ಬದುಕಿದ್ದು ಈ ಜೋಳದಿಂದ. ಹವಳದ ದ್ವೀಪದಲ್ಲಿ ಹಗೇವು ತೋಡಲು ಬರುವುದಿಲ್ಲ, ಕೆಲವೇ ಅಡಿಗೆ ನೀರು ಬರುತ್ತದೆ. ಆದರೆ ಅದೇ ಕೆಲಸ ಮಾಡುವ ಗಾಳಿಯಾಡದ ಪದರದ ಚೀಲಗಳು ಈಗ ಸಿಗುತ್ತವೆ. ಔಷಧಿ ಬೇಡ, ಕಾಳಿನ ತೇವಾಂಶ ಶೇ. 12ರ ಆಸುಪಾಸು ಇದ್ದು ಬಾಯಿ ಬಿಗಿಯಾಗಿ ಕಟ್ಟಿದರೆ ಸಾಕು. ದ್ವೀಪದ ಗಾಳಿಯಲ್ಲಿ ಸದಾ ತೇವ ಇರುತ್ತದೆ. ಗೋಣಿಚೀಲದ ಅಕ್ಕಿ, ಬೇಳೆಗೆ ಅಲ್ಲಿ ಬೇಗ ಹುಳ, ಬೂಜು ಬರುತ್ತದೆ. ರೇಷನ್ ಅಂಗಡಿಯ ಮಟ್ಟದಲ್ಲಿ ಈ ಚೀಲಗಳಿಗೆ ಖರ್ಚು ಮಾಡಿದ ಹಣ ಖಂಡಿತ ವ್ಯರ್ಥವಲ್ಲ.

ಉಳ್ಳಾಗಡ್ಡಿ ವಿಷಯದಲ್ಲೂ ಯೋಚನೆ ಬೇಕು. ನಮ್ಮ ಗದಗ, ಹುಬ್ಬಳ್ಳಿ ಕಡೆ ಮುಂಗಾರಿನ ಉಳ್ಳಾಗಡ್ಡಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಮರಗೋಳದ ಎಪಿಎಂಸಿಗೆ ಬರುತ್ತದೆ. ಅದರಲ್ಲಿ ನೀರಿನಂಶ ಜಾಸ್ತಿ, ಬೇಗ ಕೊಳೆಯುತ್ತದೆ. ಏಪ್ರಿಲ್, ಮೇನಲ್ಲಿ ಕೀಳುವ ಹಿಂಗಾರು ಬೆಳೆಯ ಗಡ್ಡೆ ಮಾತ್ರ ಗಾಳಿ ಆಡುವ ಕಡೆ ಇಟ್ಟರೆ ನಾಲ್ಕೈದು ತಿಂಗಳು ಇರುತ್ತದೆ. ಮಂಜಿ ನಿಲ್ಲುವ ಮೊದಲು ಅದೇ ಗಡ್ಡೆಯನ್ನು ತರಿಸಿ, ಜೆಟ್ಟಿಯ ಹತ್ತಿರ ಗಾಳಿಯಾಡುವ ಶೆಡ್ಡಿನಲ್ಲಿ ಹರಡಿದರೆ ಮಳೆಗಾಲದ ತುಟ್ಟಿ ಒಂದಿಷ್ಟು ತಗ್ಗುತ್ತದೆ. ಇಂಥ ಸಣ್ಣ ವಿಷಯಗಳೇ ಯೋಜನೆ ಅಂದರೆ.

ಬೆಳೆಯುವವರಿಗೆ ಬೀಜ, ಗೊಬ್ಬರ ಹಂಚುವುದರಿಂದ ಆಗುವ ಲಾಭ ನನ್ನ ಮಟ್ಟಿಗೆ ಕಡಿಮೆ. ಬೆಳೆದದ್ದನ್ನು ಕೊಳ್ಳುತ್ತೇವೆ ಅಂತ ಮೊದಲೇ ಬರೆದುಕೊಡುವುದರಿಂದ ಆಗುವ ಲಾಭ ಬಹಳ. ಶಾಲೆಯ ಬಿಸಿಯೂಟ, ಅಂಗನವಾಡಿ, ಆಸ್ಪತ್ರೆ, ಸರ್ಕಾರಿ ಅತಿಥಿಗೃಹ, ರೆಸಾರ್ಟು. ಇವಿಷ್ಟೂ ವಾರಕ್ಕೆ ಇಷ್ಟು ಸೊಪ್ಪು, ಇಷ್ಟು ಮೊಟ್ಟೆ, ಇಷ್ಟು ಬಾಳೆ ಊರಿನ ಮಹಿಳಾ ಸಂಘಗಳಿಂದಲೇ ಕೊಳ್ಳಬೇಕು, ಹಂಗಾಮಿನ ಮೊದಲೇ ದರ ಗೊತ್ತಾಗಬೇಕು. ಹಡಗು ಬಂದ ದಿನ ಅಗ್ಗದ ತರಕಾರಿ ಬಂದು ಊರಿನ ಸೊಪ್ಪು ಮಾರಾಟವಾಗದೆ ಬಾಡಿದರೆ, ಮುಂದಿನ ಸಲ ಯಾರು ಬಿತ್ತುತ್ತಾರೆ ಹೇಳಿ?

ಸಿಂಗಪುರದ ಅನುಭವ ಇದನ್ನೇ ಹೇಳುತ್ತದೆ. ಆ ದೇಶ ತನ್ನ ಆಹಾರದಲ್ಲಿ ಶೇ. 90ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. 2030ರೊಳಗೆ ಪೌಷ್ಟಿಕಾಂಶದ ಅಗತ್ಯದಲ್ಲಿ ಶೇ. 30ರಷ್ಟನ್ನು ಅಲ್ಲೇ ಬೆಳೆಯುತ್ತೇವೆ ಅಂತ 2019ರಲ್ಲಿ ಗುರಿ ಇಟ್ಟುಕೊಂಡಿತು. ಕಟ್ಟಡದೊಳಗೆ ಅಂತಸ್ತಿನ ಮೇಲೆ ಅಂತಸ್ತು ಮಾಡಿ, ದೀಪದ ಬೆಳಕಿನಲ್ಲಿ ಸೊಪ್ಪು ಬೆಳೆಯುವ ಕಂಪನಿಗಳು ಬಂದವು. ದುಡ್ಡಿಗೂ ತಂತ್ರಜ್ಞಾನಕ್ಕೂ ಕೊರತೆ ಇರಲಿಲ್ಲ. ಆದರೆ ಕರೆಂಟಿನ ಖರ್ಚು ಏರಿತು, ಪಕ್ಕದ ಮಲೇಷ್ಯಾದ ಸೊಪ್ಪು ಅಗ್ಗವಾಗಿತ್ತು, ಹಲವು ಕಂಪನಿಗಳು ಬಾಗಿಲು ಹಾಕಿದವು. 2025ರಲ್ಲಿ ಸರ್ಕಾರ ಆ ಗುರಿಯನ್ನೇ ಬದಲಿಸಿತು. ಈಗ 2035ರೊಳಗೆ ನಾರಿನಂಶದ ತರಕಾರಿಯಲ್ಲಿ ಶೇ. 20, ಮೊಟ್ಟೆ-ಮೀನಿನಂಥ ಪ್ರೋಟೀನಿನಲ್ಲಿ ಶೇ. 30 ಅನ್ನುತ್ತಿದೆ. ಗುರಿ ಬದಲಿಸಿದ್ದನ್ನು ನಾನು ಸೋಲು ಅನ್ನುವುದಿಲ್ಲ. ಯಾವುದನ್ನು ಬೆಳೆಯಬೇಕು, ಯಾವುದನ್ನು ತರಿಸಬೇಕು ಅಂತ ವಿಂಗಡಿಸಿದ್ದು ಸರಿಯಾದ ದಾರಿ. ಅದೇ ಸಿಂಗಪುರ ಅಕ್ಕಿ ತರಿಸುವ ವ್ಯಾಪಾರಿಗಳಿಗೆ ಇಂತಿಷ್ಟು ದಾಸ್ತಾನು ಗೋದಾಮಿನಲ್ಲಿ ಇಡಲೇಬೇಕು ಅಂತ ಕಾನೂನು ಮಾಡಿದೆ. 2022ರ ಜೂನ್‌ನಲ್ಲಿ ಮಲೇಷ್ಯಾ ಕೋಳಿ ರಫ್ತು ನಿಲ್ಲಿಸಿದಾಗ ಬೇರೆ ದೇಶಗಳಿಂದ ತಂದ ಶೀತಲೀಕರಿಸಿದ ಕೋಳಿ ಕೈಯಲ್ಲಿತ್ತು, ಇಂಡೊನೇಷ್ಯಾಕ್ಕೂ ಬಾಗಿಲು ತೆರೆಯಿತು. ಒಂದೇ ಬಂದರು, ಒಂದೇ ಊರು, ಒಬ್ಬನೇ ವ್ಯಾಪಾರಿಯನ್ನು ನಂಬಿ ಕೂರಬಾರದು ಅನ್ನುವುದಕ್ಕೆ ಇಷ್ಟು ಸಾಕು.

ಕೋಳಿಯ ಮಾತು ಬಂತು ಅಂತ ಹೇಳುತ್ತೇನೆ. ದ್ವೀಪದಲ್ಲಿ ಕೋಳಿ ಫಾರಂ ಹಾಕಿ 'ಮೊಟ್ಟೆಯಲ್ಲಿ ಸ್ವಾವಲಂಬಿ ಆದೆವು' ಅನ್ನುವವರು ಆ ಕೋಳಿ ತಿನ್ನುವ ಮೆಕ್ಕೆಜೋಳ ಎಲ್ಲಿಂದ ಬರುತ್ತದೆ ಅಂತ ನೋಡಬೇಕು. ಹಾವೇರಿಯ ಹೊಲದಲ್ಲಿ ಬೆಳೆದ ಮೆಕ್ಕೆಜೋಳವೂ ಹಡಗು ಹತ್ತಿಯೇ ಹೋಗಬೇಕಲ್ವಾ? ತೆಂಗಿನ ಹಿಂಡಿ, ಮೀನಿನ ತ್ಯಾಜ್ಯ, ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಗಿಡ ಸೇರಿಸಿ ಆಹಾರದ ಒಂದು ಪಾಲನ್ನಾದರೂ ಅಲ್ಲೇ ಮಾಡಿಕೊಳ್ಳುವವರೆಗೆ ಫಾರಂ ಸಣ್ಣದಿರಲಿ. ಹಿತ್ತಲ ನಾಟಿ ಕೋಳಿ ಈ ವಿಷಯದಲ್ಲಿ ಜಾಣ.

ಸರ್ಕಾರದ ಅವಸರ ಏನು ಮಾಡುತ್ತದೆ ಅನ್ನುವುದಕ್ಕೆ ಶ್ರೀಲಂಕಾ ಇದೆ. ಅಕ್ಕಿಯಲ್ಲಿ ಹೆಚ್ಚೂಕಡಿಮೆ ಸ್ವಾವಲಂಬಿ ಆಗಿದ್ದ ದ್ವೀಪ ಅದು. 2021ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಗೊಟಬಯ ರಾಜಪಕ್ಸ ಅವರ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿತು. ಸಾವಯವ ಗೊಬ್ಬರ ಅಷ್ಟು ಪ್ರಮಾಣದಲ್ಲಿ ಎಲ್ಲಿತ್ತು? ರೈತರಿಗೆ ತಯಾರಿಗೆ ಸಮಯವೂ ಇರಲಿಲ್ಲ. ನವೆಂಬರ್‌ನಲ್ಲಿ ನಿಷೇಧ ತೆಗೆದರು, ಅಷ್ಟರಲ್ಲಿ ಹಂಗಾಮು ಕೈತಪ್ಪಿತ್ತು. ಭತ್ತದ ಇಳುವರಿ ಕುಸಿದು, ಡಾಲರ್ ಇಲ್ಲದ ಹೊತ್ತಿನಲ್ಲೇ ಹೊರಗಿನಿಂದ ಅಕ್ಕಿ ತರಿಸುವ ಪರಿಸ್ಥಿತಿ ಬಂತು. ಸಾವಯವವೇ ತಪ್ಪು ಅಂತ ಇದರಿಂದ ತಿಳಿಯಬೇಡಿ. ಲಕ್ಷದ್ವೀಪವನ್ನೇ 2020ರಲ್ಲಿ ಪೂರ್ತಿ ಸಾವಯವ ಪ್ರದೇಶ ಅಂತ ಘೋಷಿಸಿದ್ದಾರೆ. ಅಲ್ಲಿ ಬೆಳೆ ಮುಖ್ಯವಾಗಿ ತೆಂಗು, ತೇಲುವ ಸಿಹಿನೀರಿಗೆ ರಾಸಾಯನಿಕ ಸೇರಿದರೆ ಕುಡಿಯುವ ಬಾವಿಗೇ ಬರುತ್ತದೆ. ಹಾಗಾಗಿ ಅಲ್ಲಿಗೆ ಅದು ಹೊಂದುತ್ತದೆ. ಎರಡು ಕೋಟಿ ಜನರ ಅನ್ನದ ಬೆಳೆಯನ್ನು ಒಂದೇ ಆದೇಶದಲ್ಲಿ ಬದಲಿಸುವುದು ಬೇರೆಯೇ ವಿಷಯ.

ನೆಲ ಇದ್ದರೆ ಊಟ ಇದ್ದೇ ಇರುತ್ತದೆ ಅಂತಲೂ ಇಲ್ಲ. ಹವಾಯಿಗೆ ಮಣ್ಣು, ಮಳೆ, ಬಿಸಿಲು ಎಲ್ಲ ಇದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಆ ನೆಲದಲ್ಲಿ ಕಬ್ಬು, ಅನಾನಸು ಬೆಳೆದು ಹೊರಗೆ ಕಳಿಸಿದರು. ಕೊನೆಯ ಸಕ್ಕರೆ ಕಾರ್ಖಾನೆ 2016ರಲ್ಲಿ ಮುಚ್ಚಿತು. ಇವತ್ತಿಗೂ ಆ ದ್ವೀಪಗಳ ಆಹಾರದಲ್ಲಿ ಶೇ. 85ರಿಂದ 90ರಷ್ಟು ಹೊರಗಿನದು. ಇದನ್ನು ಓದುವಾಗ ನನಗೆ ನಮ್ಮ ಹಾವೇರಿ, ಗದಗಿನ ಹೊಲಗಳೇ ನೆನಪಾಗುತ್ತವೆ. ಹತ್ತಿ, ಮೆಕ್ಕೆಜೋಳ ಬೆಳೆದು ಮಾರುತ್ತೇವೆ. ನವಣೆ, ಸಾಮೆ, ಅಕ್ಕಡಿ ಸಾಲಿನ ಹೆಸರು, ಅಲಸಂದಿ ಕಡಿಮೆಯಾದವು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನಿಮ್ಮ ತಾಲ್ಲೂಕಿನ ಲಖಮಾಪುರ, ಕೊಣ್ಣೂರು ಭಾಗದ ಜನ ಪಟ್ಟ ಪಾಡು ನಿಮಗೆ ಗೊತ್ತೇ ಇದೆ. ಸುತ್ತ ನೀರು, ದಾರಿ ಬಂದ್. ಹೊಳೆದಂಡೆಯ ಊರುಗಳಿಗೂ ದಿನದ ಲೆಕ್ಕದ ಪಟ್ಟಿ ಬೇಕು ಅನ್ನುವುದು ನನ್ನ ಅಭಿಪ್ರಾಯ, ಜೂನ್ ತಿಂಗಳಲ್ಲೇ.

ಇನ್ನು ನಿಮ್ಮ ಅಂಗಳ. ಮೊದಲು ನೀರು ನೋಡಿಕೊಳ್ಳಿ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚಾವಣಿ ಇದ್ದರೆ ವರ್ಷದಲ್ಲಿ ಅದರ ಮೇಲೆ 1,60,000 ಲೀಟರ್ ಮಳೆ ಬೀಳುತ್ತದೆ. ಎರಡು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಮಡಿಗೆ ದಿನಕ್ಕೆ 100 ಲೀಟರ್ ಸಾಕು. ಮಳೆ ಇಲ್ಲದ 180 ದಿನಕ್ಕೆ 18,000 ಲೀಟರ್. ಅಷ್ಟು ದೊಡ್ಡ ಟ್ಯಾಂಕ್ ಬಾಡಿಗೆ ಮನೆಯಲ್ಲಿ ಇರಲಿಕ್ಕಿಲ್ಲ. 2,000 ಲೀಟರಿನ ಡ್ರಮ್ಮು ಇಟ್ಟು, ಪಾತ್ರೆ ತೊಳೆದ ನೀರನ್ನೂ ಬಳಸಿಕೊಂಡು ಮಡಿಯನ್ನು ಅಷ್ಟಕ್ಕೇ ಸಣ್ಣ ಮಾಡಿ. ಬಾವಿ ನೀರು ಹಾಕುವುದಾದರೆ ಮೊದಲು ನಾಲಿಗೆಗೆ ಹಚ್ಚಿ ನೋಡಿ, ಸಪ್ಪೆ ಇದ್ದರೆ ಮಾತ್ರ ಹಾಕಿ.

ಮರಳಿಗೆ ಸತ್ವ ಇಲ್ಲ, ಸುಣ್ಣದಂಶ ಜಾಸ್ತಿ. ನಮ್ಮ ಸುಣ್ಣದ ಎರಿ ಹೊಲದಲ್ಲಿ ಶೇಂಗಾ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುವುದನ್ನು ನೀವು ನೋಡಿರುತ್ತೀರಿ. ಅಲ್ಲೂ ಎಲೆಗಳಲ್ಲಿ ಅದೇ ಕಾಣುತ್ತದೆ. ಕಬ್ಬಿಣದಂಶ ಮಣ್ಣಿನಲ್ಲಿದ್ದರೂ ಸುಣ್ಣ ಅದನ್ನು ಬೇರಿಗೆ ಸಿಗದಂತೆ ಹಿಡಿದಿಡುತ್ತದೆ. ಮುಖ್ಯ ಮದ್ದು ಕೊಳೆತ ಗೊಬ್ಬರ. ತೆಂಗಿನ ಗರಿಯನ್ನು ಚೂರು ಮಾಡಿ ಎರೆಹುಳು ಗೊಬ್ಬರ ಮಾಡುವ ಕ್ರಮವನ್ನು ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ರೂಪಿಸಿದೆ. ಕವರಟ್ಟಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ, ಊರು ತಲುಪಿದ ಮೊದಲ ವಾರದಲ್ಲೇ ಅಲ್ಲಿಗೆ ಒಮ್ಮೆ ಭೇಟಿ ಕೊಡಿ. ಮೀನಿನ ತ್ಯಾಜ್ಯ ಎಲ್ಲ ಕಡೆ ಸಿಗುತ್ತದೆ. ಸಮ ಬೆಲ್ಲ ಹಾಕಿ ಮುಚ್ಚಿಟ್ಟು ಕೊಳೆಸಿ, ಬಂದ ರಸವನ್ನು ತುಂಬಾ ನೀರು ಬೆರೆಸಿ ಬುಡಕ್ಕೆ ಹಾಕಿದರೆ ಸೊಪ್ಪು ಹಸಿರಾಗಿ ಏಳುತ್ತದೆ. ತೆಂಗಿನ ನಾರಿನ ಪುಡಿ ಬಳಸುವುದಾದರೆ ಮಳೆನೀರಿನಲ್ಲಿ ಎರಡು, ಮೂರು ಸಲ ತೊಳೆಯಿರಿ, ಅದರಲ್ಲಿ ಉಪ್ಪು ಇರುತ್ತದೆ.

ಬೆಳೆ: ರಾಜಗಿರಿ, ಪಾಲಕ್, ಬಸಳೆ, ಪುಂಡಿ, ಬೆಂಡಿ, ಅಲಸಂದಿ, ಚವಳಿಕಾಯಿ. ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ಉಪ್ಪಿಗೆ ಹೆದರುತ್ತವೆ, ಮೊದಲ ವರ್ಷ ಬೇಡ. ಒಂದು ನುಗ್ಗೆ, ಎರಡು ಪಪ್ಪಾಯಿ, ಮೂಲೆಯಲ್ಲಿ ಕೆಸುವು, ಬೇಲಿಗುಂಟ ಗೆಣಸಿನ ಬಳ್ಳಿ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. 15 ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತಿ, ಒಮ್ಮೆಲೇ ಎಲ್ಲ ಬಿತ್ತಬೇಡಿ. ಮೇನಲ್ಲಿ ಗಾಳಿ ಏಳುತ್ತದೆ, ಸಮುದ್ರದ ಉಪ್ಪಿನ ಹನಿ ಎಲೆ ಸುಡುತ್ತದೆ. ಗಾಳಿ ಬರುವ ಕಡೆ ತೆಂಗಿನ ಗರಿಯ ತಡಿಕೆ ಕಟ್ಟಿ. ಮಳೆಗಾಲಕ್ಕೆ ನುಗ್ಗೆಸೊಪ್ಪು, ಕೆಸುವು, ಗೆಣಸಿನ ಎಲೆ ಉಳಿಯುತ್ತವೆ. ಗೆಣಸಿನ ಎಳೆ ಎಲೆಯ ಪಲ್ಯ ಮಾಡಿ ನೋಡಿ, ಮಕ್ಕಳೂ ತಿನ್ನುತ್ತಾರೆ.

ಮೇ ತಿಂಗಳ ದಾಸ್ತಾನಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಒಣಗಿಸಿದ ಚವಳಿಕಾಯಿ ಊರಿನಿಂದ ತರಿಸಿಕೊಳ್ಳಿ. ಬಾಯಿ ಬಿಗಿಯಾಗಿ ಮುಚ್ಚುವ ಡಬ್ಬಿಯಲ್ಲಿಡಿ.

ಬೀಜ ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದಲೋ ರಾಣೆಬೆನ್ನೂರಿನಿಂದಲೋ ಒಯ್ಯಿರಿ. ಹೈಬ್ರಿಡ್ ಬೇಡ, ಅದರ ಬೀಜ ಹಿಡಿದು ಮತ್ತೆ ಬಿತ್ತಿದರೆ ಅದೇ ಬೆಳೆ ಬರುವುದಿಲ್ಲ. ಸಾದಾ ತಳಿ ಒಯ್ದರೆ ಮಾರ್ಚ್‌ನಲ್ಲಿ ನಾಲ್ಕು ಗಿಡ ಬೀಜಕ್ಕೆ ಬಿಟ್ಟು ಅಕ್ಕಪಕ್ಕದವರಿಗೂ ಕೊಡಬಹುದು. ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ: ಊರಿನ ಮಣ್ಣು, ಸಸಿ, ಕುಂಡದ ಗಿಡ, ಗೆಡ್ಡೆ ಯಾವುದನ್ನೂ ಹಡಗಿಗೆ ಹತ್ತಿಸಬೇಡಿ. ಅದರ ಜೊತೆ ಹೋಗುವ ಹುಳ, ರೋಗಕ್ಕೆ ಅಷ್ಟು ಸಣ್ಣ ದ್ವೀಪದಲ್ಲಿ ತಡೆ ಇರುವುದಿಲ್ಲ. ಕೆಸುವಿನ ಗೆಡ್ಡೆ, ಗೆಣಸಿನ ಬಳ್ಳಿ, ಬಾಳೆಯ ಕಂದು ಕವರಟ್ಟಿಯ ನೆರೆಯವರ ಹಿತ್ತಲಲ್ಲೇ ಸಿಗುತ್ತವೆ. ಅಲ್ಲಿಯ ನೆಲಕ್ಕೆ ಒಗ್ಗಿದ ತಳಿಯೂ ಅದೇ.